ನೂರ ಹತ್ತೊಂಬತ್ತು ಹಳ್ಳಿಗಳ ಋಣ

ಕ್ಷಯರೋಗದ ಪಾಠಕ್ಕೆ ಬಂದಾಗ ವೈದ್ಯಕೀಯ ವಿದ್ಯಾರ್ಥಿಗಳು ಮೂರು ಅಂಕಿಗಳನ್ನು ಬಾಯಿಪಾಠ ಮಾಡುತ್ತಾರೆ: 49.2, 32.4, 18.4. ಕಫದಲ್ಲಿ ಟಿ.ಬಿ. ಕ್ರಿಮಿ ಕಂಡವರಿಗೆ ಸರಿಯಾದ ಚಿಕಿತ್ಸೆ ಸಿಗದೇ ಹೋದರೆ ಐದು ವರ್ಷಗಳಲ್ಲಿ ಏನಾಗುತ್ತದೆ ಎಂಬುದರ ಲೆಕ್ಕ ಇದು. ನೂರಕ್ಕೆ 49.2 ಮಂದಿ ತೀರಿಕೊಳ್ಳುತ್ತಾರೆ. 32.4 ಮಂದಿಗೆ ಕಾಯಿಲೆ ತಾನಾಗಿ ಇಳಿಯುತ್ತದೆ. ಉಳಿದ 18.4 ಮಂದಿ ಕೆಮ್ಮುತ್ತಲೇ ಬದುಕಿರುತ್ತಾರೆ, ಮನೆಯವರಿಗೂ ನೆರೆಯವರಿಗೂ ಕ್ರಿಮಿ ದಾಟಿಸುತ್ತಿರುತ್ತಾರೆ. ಈ ಅಂಕಿಗಳು ಸಿಕ್ಕಿದ್ದು ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಲ್ಲಿ, 1961ರಿಂದ 1968ರವರೆಗೆ ನಡೆದ ಒಂದು ಸಮೀಕ್ಷೆಯಲ್ಲಿ. ಸುಮಾರು 62 ಸಾವಿರ ಜನ ಅದಕ್ಕೆ ಒಳಪಟ್ಟಿದ್ದರು. ನಡೆಸಿದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಈ ಲೆಕ್ಕ ಪಠ್ಯಪುಸ್ತಕಗಳಿಗೆ ಹೋಯಿತು.

ಇಂದು ನೆಲಮಂಗಲದ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೆ ಈ ಸಂಗತಿ ಬಲ್ಲವರು ಸಿಗುವುದು ಕಷ್ಟ. ತಮ್ಮ ಅಜ್ಜ, ಮುತ್ತಜ್ಜಂದಿರ ಕೆಮ್ಮು, ಕಫ, ಸಾವು ಒಂದು ವಿಜ್ಞಾನಕ್ಕೆ ಆಧಾರವಾಯಿತೆಂದು ಆ ಊರುಗಳವರಿಗೆ ಯಾರೂ ಕೂತು ಹೇಳಿಲ್ಲ. ವಿಶ್ವವಿದ್ಯಾಲಯಗಳು ಒಂದರ ಹಿಂದೊಂದು ಸಾರ್ವಜನಿಕ ಆರೋಗ್ಯದ ಕಾಲೇಜು ತೆರೆಯುತ್ತಿರುವ ಈ ದಿನಗಳಲ್ಲಿ ನಾನು ಮಾತನ್ನು ಈ ಹಳ್ಳಿಗಳಿಂದಲೇ ಶುರು ಮಾಡುತ್ತಿರುವುದಕ್ಕೆ ಕಾರಣವಿದೆ. ಇಂಥ ಕಾಲೇಜು ಏನು ಮಾಡಬಲ್ಲದು, ಎಲ್ಲಿ ಎಡವುತ್ತದೆ ಎಂಬ ಎರಡೂ ಪಾಠ ಇಲ್ಲೇ ಇವೆ.

ಮೊದಲು ಆ ಸಂಸ್ಥೆಯ ಮಾತು. ಬಳ್ಳಾರಿ ರಸ್ತೆಯಲ್ಲಿ ‘ಅವಲಾನ್’ ಎಂಬ ಬಂಗಲೆಯಿತ್ತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಕ್ಷಯರೋಗ ಸಂಸ್ಥೆ ಅಲ್ಲಿ ಕೆಲಸ ಆರಂಭಿಸಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಅದರ ಹಿಂದೆಯೇ ಒಂದು ದೊಡ್ಡ ಪ್ರಶ್ನೆ ನಿಂತಿತ್ತು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ, ಟಿ.ಬಿ. ಪಟ್ಟಣದ ಕಾಯಿಲೆ ಎಂಬ ನಂಬಿಕೆಯನ್ನು ಅಳಿಸಿಹಾಕಿತ್ತು. ಹಳ್ಳಿಗಳಲ್ಲೂ ಅಷ್ಟೇ ಇತ್ತು. 1959ರಲ್ಲಿ ಮದರಾಸಿನ ಸಂಶೋಧನೆ ಇನ್ನೊಂದು ನಂಬಿಕೆಯನ್ನು ಅಳಿಸಿತು. ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಮಲಗಿಸದೆ, ಮನೆಯಲ್ಲೇ ಮಾತ್ರೆ ಕೊಟ್ಟರೂ ರೋಗಿ ಅಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂದು ಅದು ತೋರಿಸಿತು. ಕಾಯಿಲೆ ಲಕ್ಷಾಂತರ ಹಳ್ಳಿಗಳಲ್ಲಿದೆ, ಮದ್ದು ಮಾತ್ರೆಯ ರೂಪದಲ್ಲಿದೆ. ಎರಡನ್ನೂ ಸೇರಿಸುವುದು ಹೇಗೆ? ಇದಕ್ಕೆ ಶಸ್ತ್ರಚಿಕಿತ್ಸಕನ ಬಳಿಯಾಗಲಿ ಎಕ್ಸ್‌ರೇ ತಜ್ಞನ ಬಳಿಯಾಗಲಿ ಉತ್ತರವಿರಲಿಲ್ಲ. ಜನರ ನಡುವೆ ಹೋಗಿ ಎಣಿಸಬೇಕಿತ್ತು.

ಎಣಿಕೆ ನಡೆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಮನೆಮನೆಗೂ ಹೋಗಿ ಪ್ರತಿಯೊಬ್ಬರ ಹೆಸರು, ವಯಸ್ಸು, ಸಂಬಂಧ ಬರೆದುಕೊಳ್ಳುವುದು. ಕೂಲಿಗೆ ಹೋದವರು, ತವರಿಗೆ ಹೋದ ಸೊಸೆ, ದನ ಮೇಯಿಸಲು ಹೋದ ಹುಡುಗ, ಯಾರೂ ಪಟ್ಟಿಯಿಂದ ತಪ್ಪಬಾರದು. ಸೋಂಕು ಪತ್ತೆಗೆಂದು ಮುಂಗೈಗೆ ಟ್ಯೂಬರ್ಕ್ಯುಲಿನ್ ಚುಚ್ಚುವುದು. ಮೂರನೆಯ ದಿನ ಮತ್ತೆ ಅದೇ ಮನೆಗೆ ಬಂದು, ಚುಚ್ಚಿದ ಜಾಗದಲ್ಲಿ ಚರ್ಮ ಎಷ್ಟು ಗಟ್ಟಿಯಾಗಿದೆ ಎಂದು ಬೆರಳ ತುದಿಯಿಂದ ಸವರಿ, ಆ ಗಟ್ಟಿ ಭಾಗದ ಅಂಚನ್ನು ಗುರುತಿಸಿ, ಪಾರದರ್ಶಕ ಅಳತೆಪಟ್ಟಿ ಇಟ್ಟು ಮಿಲಿಮೀಟರಿನಲ್ಲಿ ಬರೆಯುವುದು. ಕೆಂಪಗಾಗಿರುವುದು ಲೆಕ್ಕಕ್ಕಿಲ್ಲ, ಗಟ್ಟಿಯಾಗಿರುವುದಷ್ಟೇ ಲೆಕ್ಕ. ಒಬ್ಬರ ಬೆರಳಿಗೂ ಇನ್ನೊಬ್ಬರ ಬೆರಳಿಗೂ ವ್ಯತ್ಯಾಸ ಬಂದರೆ ಇಡೀ ಸಮೀಕ್ಷೆ ಹಾಳು. ಆದ್ದರಿಂದ ಅಳೆಯುವವರನ್ನೇ ಮತ್ತೆ ಮತ್ತೆ ಪರೀಕ್ಷಿಸಿ ತಯಾರು ಮಾಡಬೇಕಾಗುತ್ತದೆ. ಐದು ವರ್ಷ ದಾಟಿದ ಎಲ್ಲರಿಗೂ ಸಂಚಾರಿ ಘಟಕದಲ್ಲಿ ಎದೆಯ ಎಕ್ಸ್‌ರೇ. ಅದರಲ್ಲಿ ನೆರಳು ಕಂಡವರ ಕಫ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಒಯ್ಯುವುದು. ಇಷ್ಟನ್ನೂ ಒಮ್ಮೆ ಮಾಡಿ ಮುಗಿಸಲಿಲ್ಲ. ಐದು ವರ್ಷಗಳಲ್ಲಿ ಅದೇ ಹಳ್ಳಿ, ಅದೇ ಮನೆ, ಅದೇ ಜನರನ್ನು ನಾಲ್ಕು ಬಾರಿ ನೋಡಿದರು.

ಯಾವ ಆಸ್ಪತ್ರೆಯ ದಾಖಲೆಯೂ ಹೇಳಲಾಗದ ಸಂಗತಿಗಳು ಇದರಿಂದ ತಿಳಿದವು. ಆಸ್ಪತ್ರೆಗೆ ಬಂದವರ ಲೆಕ್ಕ ಆಸ್ಪತ್ರೆಯಲ್ಲಿರುತ್ತದೆ, ಬಾರದೇ ಸತ್ತವರ ಲೆಕ್ಕ ಊರಲ್ಲಿ ಮಾತ್ರ ಸಿಗುತ್ತದೆ. ಹೊಸದಾಗಿ ಕಾಯಿಲೆ ಬೀಳುವವರಲ್ಲಿ ಹೆಚ್ಚಿನವರು ಹಿಂದೆಂದೋ ಸೋಂಕು ತಗುಲಿಸಿಕೊಂಡಿದ್ದವರು ಎಂಬುದೂ ಇಲ್ಲಿ ಸ್ಪಷ್ಟವಾಯಿತು. ಅಂದರೆ ಇವತ್ತು ಕೆಮ್ಮುವ ಒಬ್ಬರನ್ನು ಗುಣಪಡಿಸಿದರೆ ಅದರ ಫಲ ಮುಂದಿನ ತಲೆಮಾರಿಗೆ ಸಿಗುತ್ತದೆ. ಅವಸರದ ಯೋಜನೆಗಳಿಗೆ ಇದು ಇಷ್ಟವಾಗುವ ಸುದ್ದಿಯಲ್ಲ, ಆದರೆ ನಿಜ.

ಅದೇ ಸಂಸ್ಥೆಯ ಇನ್ನೊಂದು ತಂಡ ಪಕ್ಕದ ತುಮಕೂರು ಜಿಲ್ಲೆಯಲ್ಲಿ ಕೆಲಸ ಮಾಡುತ್ತಿತ್ತು. ಸಾಮಾಜಿಕ ಅಧ್ಯಯನದ ಹೊಣೆ ಹೊತ್ತಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ರೋಗಿಗಳೆಂದು ಗೊತ್ತಾದವರ ಮನೆಗೆ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಎಲ್ಲರ ಅಭಿಪ್ರಾಯ. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಹೇಳಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮಗೇನೋ ಆಗಿದೆಯೆಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಲಾಗಿತ್ತು. ತಪ್ಪು ಯಾರದೆಂಬ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ವರದಿ ಅಚ್ಚಾಗುವ ಮೊದಲೇ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡದ್ದು ಈ ಅರಿವಿನ ಮೇಲೆ. ಊರೂರಿಗೆ ಎಕ್ಸ್‌ರೇ ಗಾಡಿ ಓಡಿಸುವ ಬದಲು, ಕೆಮ್ಮುತ್ತ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಾತ್ರೆ ಅಲ್ಲೇ ಸಿಗಬೇಕು. ಇಷ್ಟು ಸರಳ. ದೇಶದ ಜಿಲ್ಲೆ ಜಿಲ್ಲೆಗಳಿಂದ ವೈದ್ಯರು, ಪ್ರಯೋಗಾಲಯ ತಂತ್ರಜ್ಞರು, ಅಂಕಿಸಂಖ್ಯೆ ಸಹಾಯಕರು ತಂಡವಾಗಿ ಬೆಂಗಳೂರಿಗೆ ಬಂದು ಈ ಕೆಲಸ ಕಲಿತು ಹೋದರು. ಆ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇಲ್ಲಿ ದುಡಿದವರಲ್ಲಿ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಒಬ್ಬರು. ಮುಂದೆ 1973ರಲ್ಲಿ ಅವರು ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯವೇ ಎಲ್ಲಕ್ಕೂ ತಳಹದಿ ಎಂದು ಜಗತ್ತಿನ ಸರ್ಕಾರಗಳು ಒಪ್ಪಿ ಸಹಿ ಹಾಕಿದಾಗ ಮುಂದೆ ನಿಂತಿದ್ದವರು ಇವರೇ. ನಮ್ಮ ಹಳ್ಳಿಗಳ ಅನುಭವ ಅವರ ಜೊತೆ ಜಿನೀವಾಕ್ಕೂ ಹೋಗಿತ್ತೆಂದು ನಾನು ನಂಬುತ್ತೇನೆ.

ಹಾಗಿದ್ದೂ ಆ 49.2 ನನ್ನನ್ನು ಕಾಡುತ್ತದೆ. ಐಸೋನಿಯಾಜಿಡ್ ಮಾತ್ರೆ 1952ರಲ್ಲೇ ಬಂದಿತ್ತು. ಮದರಾಸಿನ ಫಲಿತಾಂಶ 1959ರಲ್ಲೇ ಗೊತ್ತಿತ್ತು. ಆದರೂ ಸಮೀಕ್ಷೆ ನಡೆದ ವರ್ಷಗಳಲ್ಲಿ ಈ ಹಳ್ಳಿಗಳಿಗೆ ವ್ಯವಸ್ಥಿತ ಚಿಕಿತ್ಸೆ ತಲುಪಿರಲಿಲ್ಲ. ರೋಗಿಗಳಲ್ಲಿ ಅರ್ಧದಷ್ಟು ಜನ ಸತ್ತದ್ದನ್ನು ಪುಸ್ತಕಗಳು ‘ರೋಗದ ಸಹಜ ಗತಿ’ ಎನ್ನುತ್ತವೆ. ಅದರಲ್ಲಿ ಸಹಜವಾದದ್ದು ನನಗೆ ಕಾಣುವುದಿಲ್ಲ. ಇಂದಾದರೆ, ರೋಗ ಪತ್ತೆಯಾದ ಮೇಲೆ ಚಿಕಿತ್ಸೆ ಕೊಡದೆ ಗಮನಿಸುತ್ತ ಕೂರುವ ಅಧ್ಯಯನಕ್ಕೆ ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಆ ಕಾಲದವರ ಶ್ರಮ, ಪ್ರಾಮಾಣಿಕತೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಜ್ಞಾನ ಕೊಟ್ಟ ಊರಿಗೆ ಮದ್ದು ತಡವಾಗಿ ಬಂತು ಎಂಬುದನ್ನು ಆ ಗೌರವ ಮುಚ್ಚಿಡಬಾರದು. ಸಾರ್ವಜನಿಕ ಆರೋಗ್ಯ ಕಲಿಸುವ ಪ್ರತಿಯೊಂದು ಕಾಲೇಜೂ ತನ್ನ ಮೊದಲ ತರಗತಿಯಲ್ಲಿ ಹೇಳಬೇಕಾದ ಕಥೆ ಇದು.

ಬೆಂಗಳೂರಿನ ಸುತ್ತಲ ಈ ಸೀಮೆಯಲ್ಲಿ ಇಂಥ ಕಲಿಕೆ 1961ರಲ್ಲಿ ಶುರುವಾದದ್ದೂ ಅಲ್ಲ. ಮೈಸೂರು ಸಂಸ್ಥಾನ 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ ಸಾರ್ವಜನಿಕ ಆರೋಗ್ಯದ ಕೆಲಸವನ್ನು ಹೊಸದಾಗಿ ಕಟ್ಟಿತು. ನಾಲೆಯ ನೀರಿನೊಂದಿಗೆ ಮಲೇರಿಯಾ ಬಂದಿದ್ದ ಮಂಡ್ಯದಲ್ಲಿ ಆರೋಗ್ಯ ಘಟಕ ಆರಂಭವಾಯಿತು. 1930ರಲ್ಲಿ ಸರ್ಕಾರವೇ ಜನನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು, ಸರ್ಕಾರವೊಂದು ಇಂಥದ್ದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು. ಅದೇ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿ ಆರೋಗ್ಯ ತರಬೇತಿ ಕೇಂದ್ರ ಬಂತು. ಬೆಂಗಳೂರು ಜಿಲ್ಲೆ 1986ರಲ್ಲಿ ನಗರ, ಗ್ರಾಮಾಂತರ ಎಂದು ಎರಡಾದಾಗ ರಾಮನಗರ, ಮಾಗಡಿ ಎರಡೂ ಗ್ರಾಮಾಂತರದ ಪಾಲಿಗೆ ಬಂದವು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಗ್ರಾಮಾಂತರಕ್ಕೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು. 2011ರ ಜನಗಣತಿಯಂತೆ ಈ ನಾಲ್ಕರ ಜನಸಂಖ್ಯೆ 9.9 ಲಕ್ಷ.

ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟ ಭೋರ್ ಸಮಿತಿ ನಾಳಿನ ವೈದ್ಯ ಸಮಾಜದ ವೈದ್ಯನಾಗಿರಬೇಕು ಎಂದು ಬಯಸಿತು. ಅದರ ಫಲವಾಗಿ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಸಮುದಾಯ ವೈದ್ಯಶಾಸ್ತ್ರ ವಿಭಾಗ ಬಂತು. ಬಂದರೂ, ಕಾಲೇಜಿನ ಒಳಗೆ ಅದಕ್ಕೆ ಸಿಕ್ಕ ಮರ್ಯಾದೆ ಕಡಿಮೆ. ಶಸ್ತ್ರಚಿಕಿತ್ಸೆ, ಹೃದ್ರೋಗ, ಎಲುಬು ಎಂದು ಓಡುವ ವಿದ್ಯಾರ್ಥಿಗೆ ಚರಂಡಿ, ನೀರು, ಲಸಿಕೆಗಳ ಪಾಠ ಪಾಸಾಗಬೇಕಾದ ಒಂದು ವಿಷಯವಾಗಿ ಉಳಿಯಿತು. ವೈದ್ಯರನ್ನೇ ನೆಚ್ಚಿಕೊಂಡರೆ ಈ ವಿದ್ಯೆ ಬೆಳೆಯದು, ಇದಕ್ಕೊಂದು ಪ್ರತ್ಯೇಕ ಶಾಲೆ ಬೇಕು ಎಂಬ ವಿಚಾರ ಬಲವಾದದ್ದು ಹಾಗೆ.

ಆ ಶಾಲೆಗಳ ಬೆಳವಣಿಗೆಯನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಶಾಲೆ ಸ್ಥಾಪನೆಯಾದದ್ದು 1916ರಲ್ಲಿ, ಕಲ್ಕತ್ತೆಯಲ್ಲಿ ಇದೇ ವಿದ್ಯೆಯ ಅಖಿಲ ಭಾರತ ಸಂಸ್ಥೆ ಬಂದದ್ದು 1932ರಲ್ಲಿ. ಅನಂತರ ದೀರ್ಘ ಮೌನ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಎಂಪಿಎಚ್ ಎಂಬ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಆರಂಭಿಸಿದ ಮೇಲೆ, 2006ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಶನ್ ಹುಟ್ಟಿದ ಮೇಲೆ ವೇಗ ಬಂತು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಪದವಿ ಕೊಡುತ್ತದೆ. ಮಣಿಪಾಲದಲ್ಲಿ ವಿಭಾಗವಾಗಿದ್ದದ್ದು ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್ ಆಗಿ ಬೆಳೆಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೂ, ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಎಂಪಿಎಚ್ ಇದೆ. ಎರಡು ವರ್ಷದ ಓದು. ದಂತ ವೈದ್ಯರು, ಆಯುರ್ವೇದ ಓದಿದವರು, ನರ್ಸಿಂಗ್ ಮುಗಿಸಿದವರು, ವಿಜ್ಞಾನದ ಪದವೀಧರರು, ಸಮಾಜಕಾರ್ಯ ಓದಿದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈ ಕಾಲೇಜುಗಳ ದೊಡ್ಡ ಬಲ ಇದೇ ಎಂದು ನನ್ನ ಎಣಿಕೆ. ನೀರಿನ ಎಂಜಿನಿಯರ್ ಕೇಳುವ ಪ್ರಶ್ನೆಯನ್ನು ವೈದ್ಯ ಕೇಳುವುದಿಲ್ಲ. ದಾದಿ ಕಂಡದ್ದನ್ನು ಅಂಕಿಸಂಖ್ಯೆಯವನು ಕಂಡಿರುವುದಿಲ್ಲ.

ಆಸ್ಪತ್ರೆಯ ವಿದ್ಯೆಗೂ ಈ ವಿದ್ಯೆಗೂ ಇರುವ ಅಂತರ ತಿಳಿಯಲು ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರಿಗೆ ಹೋಗಬೇಕು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಹಾದಿಯ ಕೆರೆಗಳಲ್ಲಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳೂ ಸೇರಿವೆ. ಇದೇ ನದಿ ಮುಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಗೆ ಹೋಗಿ ಒಂದು ಕಾಲಕ್ಕೆ ಬೆಂಗಳೂರಿನ ಬಾಯಾರಿಕೆ ತಣಿಸಿತ್ತು. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರು ಈ ಕೆರೆಗಳಿಗೆ ಸೇರಿ ಅಂತರ್ಜಲ ಕೆಟ್ಟಿದೆ ಎಂದು ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಧರಣಿ ಕೂತಿದ್ದಾರೆ, ಪಾದಯಾತ್ರೆ ಮಾಡಿದ್ದಾರೆ.

ಅಂಥ ಊರಿನಿಂದ ಮೈ ತುರಿಕೆ ಎಂದು ಒಬ್ಬ ಹೆಂಗಸು ಆರೋಗ್ಯ ಕೇಂದ್ರಕ್ಕೆ ಬಂದರೆ ವೈದ್ಯರು ಮುಲಾಮು ಬರೆದುಕೊಡುತ್ತಾರೆ. ಅದು ಅವರ ಕರ್ತವ್ಯ, ಮಾಡಲೇಬೇಕು. ಸಾರ್ವಜನಿಕ ಆರೋಗ್ಯ ಕಲಿತವರ ಕೆಲಸ ಶುರುವಾಗುವುದು ಆ ಹೆಂಗಸು ಹೊರಟುಹೋದ ಮೇಲೆ. ಆಕೆಯ ಮನೆಗೆ ನೀರು ಯಾವ ಕೊಳವೆಬಾವಿಯಿಂದ ಬರುತ್ತದೆ? ಅದು ಕೆರೆಯಿಂದ ಎಷ್ಟು ದೂರ? ಅದೇ ಬಾವಿಯ ನೀರು ಬಳಸುವ ಇನ್ನೆಷ್ಟು ಮನೆಗಳಲ್ಲಿ ತುರಿಕೆಯಿದೆ? ಬೇರೆ ನೀರು ಬಳಸುವ ಪಕ್ಕದ ಬೀದಿಯಲ್ಲಿ ಎಷ್ಟಿದೆ? ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸವುಂಟೇ? ಪಂಚಾಯಿತಿಯಲ್ಲಿ ಸಿಗುವ ಪುಟ್ಟ ಪರೀಕ್ಷಾ ಸೀಸೆಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಮಲದಿಂದ ಕಲುಷಿತವಾಗಿದ್ದಲ್ಲಿ ನೀರು ಕಪ್ಪಾಗುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆ ಅದು. ಆದರೆ ಭಾರ ಲೋಹ, ರಾಸಾಯನಿಕಗಳು ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು, ಎಲ್ಲಿಂದ ಯಾವಾಗ ಮಾದರಿ ತೆಗೆಯಬೇಕೆಂಬ ಯೋಜನೆ ಬೇಕು, ವರ್ಷಗಳ ಕಾಲ ಬಿಡದೆ ಅಳೆಯುವ ಸಂಸ್ಥೆ ಬೇಕು. ಧರಣಿ ಕೂತ ರೈತನ ಬಳಿ ನೋವಿದೆ, ಇಲಾಖೆಯ ಬಳಿ ವರದಿಯಿದೆ, ಕೈಗಾರಿಕೆಗಳ ಬಳಿ ವಕೀಲರಿದ್ದಾರೆ. ಯಾರ ಪರವೂ ವಾಲದೆ, ಕೆರೆಯ ಸುತ್ತಲ ಜನರ ಆರೋಗ್ಯವನ್ನು ಹತ್ತು ವರ್ಷ ಕೂತು ಬರೆದಿಡುವ ಕೈ ಬೇಕು. ಅದು ವಿಶ್ವವಿದ್ಯಾಲಯವಲ್ಲದೆ ಇನ್ನಾರು?

ದೊಡ್ಡಬಳ್ಳಾಪುರದಲ್ಲೇ ಇನ್ನೊಂದು ಸಮಸ್ಯೆಯಿದೆ, ಅದರ ಮಾತೇ ಯಾರೂ ಎತ್ತುವುದಿಲ್ಲ. ಇದು ನೇಕಾರರ ಊರು. ಮನೆಯ ಮುಂದಿನ ಅಂಕಣದಲ್ಲೋ ಪಕ್ಕದ ಶೆಡ್ಡಿನಲ್ಲೋ ಪವರ್‌ಲೂಮ್ ಓಡುತ್ತಿರುತ್ತದೆ, ಒಳಗೆ ಅಡುಗೆ, ಮಕ್ಕಳ ಓದು, ಬಾಣಂತನ ಎಲ್ಲವೂ ನಡೆಯುತ್ತಿರುತ್ತದೆ. ಮಗ್ಗಗಳ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ, ಕಾರ್ಖಾನೆಯಲ್ಲಿ ಎಂಟು ಗಂಟೆಗೆ ಕಾನೂನು ಒಪ್ಪುವ ಮಿತಿಯೇ ಅದು. ಕಾರ್ಖಾನೆಯಾದರೆ ಪರಿಶೀಲಿಸಲು ಅಧಿಕಾರಿಯಿದ್ದಾರೆ, ಮನೆಗೆ ಯಾರೂ ಇಲ್ಲ. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರ ಜೊತೆ ಫೋನಿನಲ್ಲಿ ಮಾತಾಡಿ ನೋಡಿ, ಎಲ್ಲವನ್ನೂ ಎರಡು ಸಲ ಹೇಳಬೇಕಾಗುತ್ತದೆ. ಕಿವಿ ಮಂದವಾಗುವುದನ್ನು ನೇಕಾರರು ವಯಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಅದು ವೃತ್ತಿಯಿಂದ ಬಂದ ಊನವೆಂದು ದಾಖಲಾಗಬೇಕಾದರೆ ಯಾರಾದರೂ ಹೋಗಿ ಅಳೆಯಬೇಕು. ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಸದ್ದಳೆಯುವ ಯಂತ್ರ, ಒಂದು ಕಿವಿಪರೀಕ್ಷೆಯ ಯಂತ್ರ ಇದ್ದರೆ ಒಂದು ಬೀದಿ ಮುಗಿಸಲು ಕೆಲವೇ ದಿನ ಸಾಕು.

ದೇವನಹಳ್ಳಿಯ ದ್ರಾಕ್ಷಿ ತೋಟಗಳಲ್ಲಿ ಔಷಧಿ ಸಿಂಪಡಿಸುವವರ ಉಸಿರಾಟ, ಬೆಂಗಳೂರಿನ ಕಸ ಹೊತ್ತ ಚಿಗರೇನಹಳ್ಳಿ ಸುತ್ತಲ ಊರುಗಳು, ಹೊಸಕೋಟೆ, ನೆಲಮಂಗಲಗಳ ಹೆದ್ದಾರಿ ಅಪಘಾತಗಳು, ಗೋದಾಮು ಮತ್ತು ಕಟ್ಟಡ ಕೆಲಸಕ್ಕೆ ಬಂದು ಶೀಟಿನ ಶೆಡ್ಡುಗಳಲ್ಲಿ ಮಲಗುವ ಹೊರರಾಜ್ಯದ ಕಾರ್ಮಿಕರು, 2008ರಲ್ಲಿ ವಿಮಾನ ನಿಲ್ದಾಣ ಬಂದಂದಿನಿಂದ ಜಗತ್ತಿನ ಯಾವ ಮೂಲೆಯ ಸೋಂಕಾದರೂ ಮೊದಲು ಇಳಿಯಬಹುದಾದ ನೆಲ. ಸಾರ್ವಜನಿಕ ಆರೋಗ್ಯದ ಪಠ್ಯಕ್ರಮದಲ್ಲಿರುವ ಬಹುತೇಕ ಅಧ್ಯಾಯಗಳು ಈ ನಾಲ್ಕು ತಾಲ್ಲೂಕುಗಳಲ್ಲೇ ಇವೆ.

ಕಾಲೇಜುಗಳು ಇತ್ತ ಬರುತ್ತಿಲ್ಲವೆಂದಲ್ಲ. ಹೊಸಕೋಟೆಯ ಬಳಿ, ದೇವನಹಳ್ಳಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಈಚಿನ ನಿಯಮದಂತೆ ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಓದು ಮುಗಿಯುವತನಕ ಅವರ ಆರೋಗ್ಯ ಗಮನಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಎಂಪಿಎಚ್ ಓದುವವರು ಪ್ರಬಂಧಕ್ಕಾಗಿ ಹಳ್ಳಿಗೆ ಹೋಗುತ್ತಾರೆ. ಇದರಿಂದ ಒಳ್ಳೆಯದು ಆಗಿದೆ. ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಬೆರಳು ಚುಚ್ಚಿದ ವಿದ್ಯಾರ್ಥಿಯಿಂದಲೇ ಮೊದಲು ತಿಳಿದವರು ಊರೂರಲ್ಲಿ ಸಿಗುತ್ತಾರೆ. ಮೊದಲ ಬಾರಿಗೆ ಕೊಟ್ಟಿಗೆ ಹೊಕ್ಕ, ಒಂದೇ ಕೋಣೆಯಲ್ಲಿ ಆರು ಜನ ಮಲಗುವುದನ್ನು ಕಂಡ ನಗರದ ಹುಡುಗ, ಹುಡುಗಿಯರು ಬೇರೆ ಮನುಷ್ಯರಾಗಿ ಹಿಂದಿರುಗುತ್ತಾರೆ.

ಆದರೆ ಹಳ್ಳಿಯ ಬಾಗಿಲಲ್ಲಿ ನಿಂತು ಕೇಳಿದರೆ ಇನ್ನೊಂದು ಮಾತೂ ಕೇಳಿಸುತ್ತದೆ. ಇಂಥದ್ದೊಂದು ಊರಿಗೆ ನಾನು ಹೋಗಿದ್ದಾಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಹಿರಿಯಾಕೆಯೊಬ್ಬರು, “ನಮ್ಮನೇಲಿ ಎಷ್ಟು ಜನ, ಕಕ್ಕಸು ಐತಾ, ನೀರು ಕಾಯಿಸ್ಕೊಂಡು ಕುಡೀತೀರಾ, ಎಲ್ಲಾ ಹೋದ್ ವರ್ಷಾನೂ ಬರ್ಕೊಂಡ್ ಹೋದ್ರು ಕಣಪ್ಪಾ. ಏನಾಯ್ತು ಅಂತ ಯಾರೂ ಬಂದ್ ಹೇಳ್ಲಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಂದವರಿಗೆ ನೀರು, ಮಜ್ಜಿಗೆ ಕೊಡುವುದನ್ನೂ ನಿಲ್ಲಿಸಿರಲಿಲ್ಲ. ಒಂದು ವರ್ಷದ ತಂಡ ಬರುತ್ತದೆ, ನಮೂನೆ ತುಂಬುತ್ತದೆ, ಪ್ರಬಂಧ ಬರೆಯುತ್ತದೆ, ಅಂಕ ಪಡೆಯುತ್ತದೆ. ಮುಂದಿನ ವರ್ಷದ ತಂಡ ಅವೇ ಪ್ರಶ್ನೆಗಳೊಂದಿಗೆ ಅದೇ ಬಾಗಿಲು ತಟ್ಟುತ್ತದೆ. ಹಿಂದಿನವರು ಬರೆದದ್ದು ಇಂಗ್ಲಿಷಿನಲ್ಲಿ ಬೈಂಡಾಗಿ ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. 1961ರ ತಂಡ ಅದೇ ಮನೆಗೆ ಮತ್ತೆ ಮತ್ತೆ ಹೋದದ್ದು ಕಾಲದೊಂದಿಗೆ ಏನು ಬದಲಾಯಿತೆಂದು ತಿಳಿಯಲು. ಕ್ಷಯರೋಗ ಸಂಸ್ಥೆ ಆ ಹಳ್ಳಿಗಳಲ್ಲಿ ಕೆಲವನ್ನು ಎರಡು ದಶಕಕ್ಕೂ ಮೀರಿ ಹಿಂಬಾಲಿಸಿತು, 2008ರ ನಂತರ ಮತ್ತೆ ನೆಲಮಂಗಲ ತಾಲ್ಲೂಕಿಗೆ ಬಂದು ಅಳೆಯಿತು. ಈಗಿನ ಭೇಟಿಗಳಲ್ಲಿ ಆ ಸಾತತ್ಯವಿಲ್ಲ. ಅಳತೆ ಇದೆ, ನೆನಪಿಲ್ಲ.

ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಓದಿ ಹೊರಬಂದವರಿಗೆ ಈ ತಾಲ್ಲೂಕುಗಳಲ್ಲಿ ಕೆಲಸವೆಲ್ಲಿದೆ? ತಾಲ್ಲೂಕು ಆರೋಗ್ಯಾಧಿಕಾರಿಯ ಕುರ್ಚಿಗೆ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು ಸೇವಾ ಹಿರಿತನದ ಮೇಲೆ ಬಂದು ಕೂರುವುದು ನಮ್ಮಲ್ಲಿ ಹಳೆಯ ರೂಢಿ. ಒಳ್ಳೆಯ ಹೆರಿಗೆ ತಜ್ಞೆಯನ್ನು ಹೆರಿಗೆ ಕೋಣೆಯಿಂದ ಎಬ್ಬಿಸಿ ತಂದು ಸಭೆ, ವರದಿ, ವಾಹನದ ಡೀಸೆಲ್ ಲೆಕ್ಕಕ್ಕೆ ಕೂರಿಸಿದರೆ ಆಸ್ಪತ್ರೆಗೂ ನಷ್ಟ, ತಾಲ್ಲೂಕಿಗೂ ನಷ್ಟ. ಎಂಪಿಎಚ್ ಓದಿದ, ಆದರೆ ವೈದ್ಯರಲ್ಲದ ಯುವಕ ಯುವತಿಯರಿಗೆ ಸಿಗುವುದು ಹೆಚ್ಚಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆ, ಇಲ್ಲವೇ ಸ್ವಯಂಸೇವಾ ಸಂಸ್ಥೆಯ ಯೋಜನೆ ಮುಗಿಯುವವರೆಗಿನ ಕೆಲಸ. ರೋಗ ಹರಡುವ ದಾರಿ ಹುಡುಕಲು ಕಲಿತವರು ಪೋರ್ಟಲ್‌ಗೆ ಅಂಕಿ ತುಂಬಿಸುತ್ತ ಕೂರುತ್ತಾರೆ.

ಬೇರೆ ದಾರಿ ಇಲ್ಲದೇ ಇಲ್ಲ. ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವಿದೆ; 2022ರಲ್ಲಿ ಅದು ನೂರು ವರ್ಷ ಪೂರೈಸಿತು. ಅದಕ್ಕೆ ಬಲ ಕೊಡಲು 1939ರಷ್ಟು ಹಿಂದೆಯೇ ಕಾಯಿದೆ ಬಂದಿದೆ. ಅಲ್ಲಿ ಈ ಕ್ಷೇತ್ರಕ್ಕೆ ಬಂದ ಅಧಿಕಾರಿ ಇದೇ ಕ್ಷೇತ್ರದಲ್ಲಿ ಬೆಳೆದು ಮೇಲೇರುತ್ತಾರೆ. ನಮ್ಮಲ್ಲೂ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ತನ್ನ ವರದಿಯಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ಬೇಕೆಂದು ಸರ್ಕಾರಕ್ಕೆ ಹೇಳಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಅದನ್ನೇ ಹೇಳಿತು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೇ ಹೊರಡಿಸಿತು. ಕೊರೊನಾ ಕಾಲದಲ್ಲಿ ಸಂಪರ್ಕ ಪತ್ತೆ, ಕಂಟೈನ್‌ಮೆಂಟ್, ಲಸಿಕೆಯ ಸರದಿ ಎಂದು ದಿನವಿಡೀ ಓಡಿದ ಆರೋಗ್ಯ ನಿರೀಕ್ಷಕರು, ಆಶಾ ಕಾರ್ಯಕರ್ತೆಯರಿಗೆ ಇಂಥ ತರಬೇತಿ ಪಡೆದ ನಾಯಕತ್ವ ಎಷ್ಟು ಬೇಕಿತ್ತು ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಆದ್ದರಿಂದ ನನ್ನ ಕೋರಿಕೆ ಎರಡು ಕಡೆಗಿದೆ. ಸರ್ಕಾರಕ್ಕೆ: ಈ ನಾಲ್ಕು ತಾಲ್ಲೂಕುಗಳಲ್ಲಾದರೂ ಮೊದಲು, ಸಾರ್ವಜನಿಕ ಆರೋಗ್ಯ ಓದಿದವರಿಗೆಂದೇ ಖಾಯಂ ಹುದ್ದೆ ಕೊಡಿ. ರೋಗ ಕಣ್ಗಾವಲು, ನೀರು, ವೃತ್ತಿಯ ಕಾಯಿಲೆ ಇವಕ್ಕೆ ಹೊಣೆಗಾರರು ಇಂಥವರೇ ಎಂದು ಜನರಿಗೆ ಹೆಸರು ಹಿಡಿದು ಹೇಳುವಂತಿರಲಿ. ವಿಶ್ವವಿದ್ಯಾಲಯಗಳಿಗೆ: ಕಟ್ಟಡ, ಸೀಟು, ಶ್ರೇಯಾಂಕಗಳನ್ನು ಬೆಳವಣಿಗೆ ಎಂದು ಕರೆಯುವ ಮುನ್ನ ಒಂದು ತಾಲ್ಲೂಕನ್ನು ಹತ್ತು ವರ್ಷಕ್ಕೆ ವಹಿಸಿಕೊಳ್ಳಿ. ಒಂದು ವರ್ಷದ ವಿದ್ಯಾರ್ಥಿ ಬರೆದಿಟ್ಟದ್ದನ್ನು ಮುಂದಿನ ವರ್ಷದವರು ಮುಂದುವರಿಸಲಿ. ಕಂಡದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಪರೀಕ್ಷೆಯ ಅಂಕದಲ್ಲಿ ಅದಕ್ಕೂ ಪಾಲಿರಲಿ. ಸಮೀಕ್ಷೆಯಲ್ಲಿ ರೋಗ ಪತ್ತೆಯಾದ ಪ್ರತಿಯೊಬ್ಬರೂ ಚಿಕಿತ್ಸೆಗೆ ಸೇರಿದರೇ ಎಂಬುದು ಪ್ರಬಂಧದ ಮೊದಲ ಪುಟದಲ್ಲೇ ಇರಬೇಕು. ಹೊಸ ಹಣ ಬೇಡುವ ಕೆಲಸ ಇದರಲ್ಲಿ ಹೆಚ್ಚಿಲ್ಲ.

ಇನ್ನು ಈ ನಾಲ್ಕು ತಾಲ್ಲೂಕುಗಳ ಓದುಗರಿಗೆ ಒಂದು ಮಾತು. ನಾಳೆ ನಿಮ್ಮ ಮನೆಗೂ ಕಾಲೇಜಿನ ಹುಡುಗ, ಹುಡುಗಿಯರು ನಮೂನೆ ಹಿಡಿದು ಬರಬಹುದು. ಒಳಗೆ ಕರೆಯಿರಿ, ಕೇಳಿದ್ದಕ್ಕೆ ನಿಜ ಹೇಳಿ. ಏಳುವ ಮುಂಚೆ ಅವರ ಕಾಲೇಜಿನ ಹೆಸರು, ಮೇಷ್ಟರ ಫೋನ್ ನಂಬರ್ ಬರೆದಿಟ್ಟುಕೊಂಡು, ಇದರ ಫಲಿತಾಂಶವನ್ನು ನಮ್ಮೂರ ಗ್ರಾಮಸಭೆಗೆ ಯಾವ ತಿಂಗಳು ತಂದು ಹೇಳುತ್ತೀರಿ ಎಂದು ಕೇಳಿ. ಆ ತಿಂಗಳು ಬಂದಾಗ ಫೋನ್ ಮಾಡಿ.